ಎಡಗಡೆ ಕನ್ನಡಿಯ ಕವರು

ಎಲ್ಲವನ್ನೂ ಸ್ವಂತ ಕೈಯಲ್ಲೇ ಮಾಡುತ್ತೇನೆಂದು ಹಟ ಹಿಡಿದವನ ಮನೆಯಲ್ಲಿ ನಗುವಿಗೆ ಬರವಿರುವುದಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ಜಪಾನಿನ ಶಿನಾಗಾವಾದ ನಮ್ಮ ಆಫೀಸಿನಲ್ಲಿ ಒಕಾದಾ ಸಾನ್ ಎಂಬ ಹಿರಿಯರಿದ್ದರು. ಇಪ್ಪತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡ ಕಾರನ್ನು ನನ್ನನ್ನು ನಂಬಿ ಕೊಟ್ಟರು. ಮೊದಲ ವಾರವೇ ನಾನು ಅದನ್ನು ಪಾರ್ಕಿಂಗ್ ಕಂಬಕ್ಕೆ ಉಜ್ಜಿ, ಎಡಗಡೆ ಕನ್ನಡಿಯ ಹಿಂದಿನ ಕವರನ್ನು ಪುಡಿಪುಡಿ ಮಾಡಿದೆ. ಹಳೇ ಮಾಡೆಲ್, ಅಂಗಡಿಗಳಲ್ಲಿ ಕವರು ಸಿಗಲಿಲ್ಲ. ಮಾರ್ಚ್ ಕೊನೆಗೆ ಅವರ ರಿಟೈರ್‌ಮೆಂಟ್, ಅವತ್ತು ಇದೇ ಕಾರಿನಲ್ಲಿ ಅವರನ್ನು ಮನೆಗೆ ಬಿಡುತ್ತೇನೆಂದು ಮಾತು ಕೊಟ್ಟಿದ್ದೆ. "ಕಾರು ಹೇಗಿದೆ?" ಎಂದು ಅವರು ದಿನಾ ಕೇಳುತ್ತಿದ್ದರು. "ಚೆನ್ನಾಗಿದೆ" ಎಂದು ನಾನು ದಿನಾ ಸುಳ್ಳು ಹೇಳುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಮಾರ್ಚ್ ಒಳಗೆ ಕಾರ್ಬನ್ ಫೈಬರಿನಲ್ಲಿ ಕವರು ನಾನೇ ಮಾಡುವುದೆಂದು ತೀರ್ಮಾನಿಸಿದೆ.

೧. ಎಣ್ಣೆ ಸವರಿದ್ದು

ಬಲಗಡೆಯ ಕವರನ್ನು ಬಿಚ್ಚಿ ತಂದು ಅಚ್ಚು ತೆಗೆದೆ. ಅಚ್ಚಿನೊಳಗೆ ಕಪ್ಪು ಕಾರ್ಬನ್ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟು ಕುಡಿಸಿ, ಗಟ್ಟಿಯಾದ ಮೇಲೆ ಬಿಡಿಸಬೇಕು. ಸಲೀಸಾಗಿ ಬಿಡಲಿ ಎಂದು ಅಚ್ಚಿಗೆ ಮೊದಲೇ ಒಂದು ಥರದ ಮೇಣ ಸವರಬೇಕಂತೆ. ಇಡ್ಲಿ ತಿಂದು ಬೆಳೆದವನಿಗೆ ಯಾರೋ ಇದನ್ನೆಲ್ಲ ಹೇಳಿಕೊಡಬೇಕೇ? ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿದೆ. ಡಿಸೆಂಬರ್ ಚಳಿಗೆ ಎಣ್ಣೆ ಗಂಟುಗಂಟಾಗಿ ಒಂದು ಕಡೆ ನಿಂತಿತು, ಉಳಿದ ಕಡೆಯೆಲ್ಲ ಕವರು ಅಚ್ಚನ್ನು ಕಚ್ಚಿಕೊಂಡಿತು. ಸುತ್ತಿಗೆ ತಂದೆ. ಬೇರೆಯಾದದ್ದು ಸುತ್ತಿಗೆಯ ಹಿಡಿ ಮಾತ್ರ.

ಹೆಂಡತಿ ಬಂದು ನೋಡಿದಳು. "ರೀ, ನಮ್ಮಮ್ಮ ಆಗಿದ್ರೆ ಇಡ್ಲಿನ ತಟ್ಟೆ ಸಮೇತ ಬಡಿಸಿಬಿಡೋರು."

೨. ಕಸ ವಾಪಸ್ಸು

ಜಪಾನಿನಲ್ಲಿ ಒಂದು ವಸ್ತುವನ್ನು ಮಾಡುವುದಕ್ಕಿಂತ ಬಿಸಾಡುವುದು ಕಷ್ಟ. ಸುಡುವ ಕಸದ ದಿನ ಕವರನ್ನು ಅಚ್ಚು ಸಮೇತ ಇಟ್ಟೆ, ‘ಇದು ಸುಡುವ ಕಸವಲ್ಲ’ ಎಂಬ ಚೀಟಿ ಅಂಟಿಸಿಕೊಂಡು ಅಲ್ಲೇ ಕೂತಿತ್ತು. ಸುಡದ ಕಸದ ದಿನ ಇಟ್ಟೆ. ಸಂಜೆ ನಮ್ಮ ಕಟ್ಟಡದ ಮೇಲ್ವಿಚಾರಕರೇ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದರು. ನನಗೆ ಬಾಗಿ ವಂದಿಸಿ, ಮೆಲ್ಲಗೆ, ತುಂಬ ದುಃಖದಿಂದ ಏನೋ ಹೇಳಿದರು. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ನನ್ನ ಜಪಾನಿ ಭಾಷೆ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ತರುವಷ್ಟು. ಎರಡನೇ ಕ್ಲಾಸಿನ ಮಗಳನ್ನು ಕರೆದೆ.

"ಅಪ್ಪಾ, ಇದು ಆಕ್ಸಿಡೆಂಟ್ ಆದ ಕಾರಿಂದು ಅನ್ಕೊಂಡಿದ್ದಾರೆ. ಹೀ ಈಸ್ ಆಸ್ಕಿಂಗ್, ಡ್ರೈವರ್ ಬದುಕಿದ್ದಾರಾ ಅಂತ."

"ಸದ್ಯಕ್ಕೆ ಬದುಕಿದ್ದಾರೆ ಅನ್ನು," ಅಡುಗೆಮನೆಯಿಂದ ಹೆಂಡತಿ ಹೇಳಿದಳು.

೩. ಲಕ್ಷ್ಮಿಯ ಪಾದ

ಎರಡನೇ ಕವರಿಗೆ ಹೊಸ ಅಚ್ಚು ತೆಗೆದು, ಮೇಣವನ್ನೇ ತಂದೆ. ಆದರೆ ರೆಸಿನ್ ಗಟ್ಟಿಯಾಗಲು ಬೆಚ್ಚಗಿರಬೇಕು. ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ, ಕೊತಾತ್ಸು. ಕೆಳಗೆ ಹೀಟರ್, ಸುತ್ತಲೂ ರಜಾಯಿ ಇಳಿಬಿಟ್ಟ ಗಿಡ್ಡ ಮೇಜು ಅದು, ಚಳಿಗಾಲದಲ್ಲಿ ಎಲ್ಲರೂ ಕಾಲು ತೂರಿಸಿ ಕೂರುತ್ತಾರೆ. ಕವರನ್ನು ಅದರೊಳಗೆ ಇಟ್ಟು ಆಫೀಸಿಗೆ ಹೋದೆ. ಅವತ್ತು ಸಂಕ್ರಾಂತಿ ಎಂಬುದು ಮರೆತೇಹೋಗಿತ್ತು.

ಸಂಜೆ ಫೋನ್ ಬಂತು. "ರೀ, ಕೊತಾತ್ಸು ಒಳಗೆ ಏನಿಟ್ಟಿದ್ದೀರ? ಎಳ್ಳು-ಬೆಲ್ಲಕ್ಕೆ ಬಂದ ಮೈಸೂರಿನ ಆಂಟಿಗೆ ಏಳೋಕೇ ಆಗ್ತಿಲ್ಲ!"

ಆಂಟಿ ಕಾಲುಚೀಲವನ್ನು ಅಲ್ಲೇ ಬಿಟ್ಟು, ಒಂದು ಕಾಲಿಗೆ ನನ್ನ ಕಾಲುಚೀಲ ಹಾಕಿಕೊಂಡು ಮನೆಗೆ ಹೋದರಂತೆ. ರಾತ್ರಿ ಅಂಟಿದ್ದ ಕಾಲುಚೀಲ ಕಿತ್ತು ನೋಡಿದರೆ ಕವರಿನ ಒಳಮೈಯಲ್ಲಿ ಐದು ಬೆರಳು ಸ್ಪಷ್ಟವಾಗಿ ಮೂಡಿದ್ದವು, ಕವರು ಸೊಟ್ಟಗಾಗಿತ್ತು. ಬಿಸಾಡಲು ಎತ್ತಿದೆ, ಹೆಂಡತಿ ಬಿಡಲಿಲ್ಲ.

"ಹಬ್ಬದ ದಿನ ಮುತ್ತೈದೆ ಕಾಲು ಮೂಡಿದೆ, ಬಿಸಾಡ್ತಾರಾ? ಅಲ್ಲದೆ ಯಾವ ದಿನದ ಕಸಕ್ಕೆ ಹಾಕ್ತೀರ?"

ಈಗ ಅದರಲ್ಲಿ ಮನೆಯ ಬೀಗದಕೈ ಇಡುತ್ತೇವೆ.

೪. ಮಾರ್ಚ್ ಕೊನೆ

ಇನ್ನೂ ಮೂರು ಹಾಳಾದವು. ಬಿಡಲಿಲ್ಲ. ಕೊನೆಗೂ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕವರೊಂದು ಅಚ್ಚಿನಿಂದ ಎದ್ದು ಬಂತು. ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ. ರಿಟೈರ್‌ಮೆಂಟಿನ ದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಪಾರ್ಕಿಂಗಿಗೆ ಹೋದೆ. ಕವರು ಕೂರಲೊಲ್ಲದು. ತಿರುಗಿಸಿದೆ, ಒತ್ತಿದೆ, ದೇವರನ್ನು ನೆನೆದೆ.

"ಅಪ್ಪಾ," ಎಂದಳು ಮಗಳು, "ದಿಸ್ ಈಸ್ ಫಾರ್ ದಿ ರೈಟ್ ಸೈಡ್."

ಬಲಗಡೆಯದರ ಅಚ್ಚು ತೆಗೆದರೆ ಬಲಗಡೆಯದೇ ಬರುತ್ತದೆ ಎಂದು, ಹದಿನೈದು ವರ್ಷ ಸಾಫ್ಟ್‌ವೇರ್ ಬರೆದ ನನಗೆ ಮೂರು ತಿಂಗಳಾದರೂ ಹೊಳೆದಿರಲಿಲ್ಲ.

ಹಳೆಯದರ ಬದಲು ಅದನ್ನು ಬಲಗಡೆಗೇ ಹಾಕಿದೆ. ಸಂಜೆ ಒಕಾದಾ ಸಾನ್ ಹೂಗುಚ್ಛ ಹಿಡಿದು ಬಂದು, ಎಡಗಡೆಯ ಬಾಗಿಲಿಗೆ ಕೈ ಹಾಕಿ ಬೋಳು ಕನ್ನಡಿಯ ಮುಂದೆ ನಿಂತರು. "ಸುಮಿಮಾಸೆನ್, ಕ್ಷಮಿಸಿ" ಎಂದು ತಲೆ ತಗ್ಗಿಸಿ, ಕಂಬದಿಂದ ಹಿಡಿದು ಆಂಟಿಯ ಕಾಲುಚೀಲದವರೆಗೆ ಎಲ್ಲ ಒಪ್ಪಿಸಿದೆ. ಅವರು ಕಾರು ಹತ್ತಿ ಕೂತರು. ಮನೆ ತಲುಪಿದ ಮೇಲೆ ಒಳಗೆ ಹೋಗಿ ಒಂದು ಡಬ್ಬಿ ತಂದರು. ಒಳಗೆ ಹೊಚ್ಚಹೊಸ ಎಡಗಡೆ ಕವರು.

"ಎಂದಾದರೂ ಬೇಕಾದೀತು ಅಂತ ಕಾರು ಕೊಂಡಾಗಲೇ ತೆಗೆದಿಟ್ಟಿದ್ದೆ. ಅದಕ್ಕೇ ಕಾರು ಹೇಗಿದೆ ಅಂತ ದಿನಾ ಕೇಳ್ತಿದ್ದೆ," ಎಂದರು. ಆಮೇಲೆ ಬಲಗಡೆಗೆ ಹೋಗಿ, ನನ್ನ ಕವರನ್ನು ಬಹಳ ಹೊತ್ತು ಸವರಿ, "ಇದು ಅದಕ್ಕಿಂತ ಚೆನ್ನಾಗಿದೆ" ಎಂದರು.

ಡಬ್ಬಿ ನೋಡಿ ಹೆಂಡತಿ ಕೈಮುಗಿದಳು. "ಸದ್ಯ! ನಾಳೆ ಇದನ್ನ ಹಾಕಿಬಿಡಿ, ಪೀಡೆ ಕಳೀತು."

"ಹಾಕೋದಾ?" ಎಂದೆ ಮೇಣದ ಡಬ್ಬಿ ತೆಗೆಯುತ್ತಾ. "ಎಡಗಡೆ ಅಚ್ಚು ತೆಗೆಯೋಕೆ ಈಗ ತಾನೇ ಸಿಕ್ಕಿದೆ!"

ಅವಳು ಕೊತಾತ್ಸುವಿನ ವೈರ್ ಕಿತ್ತು, ಸುತ್ತಿ, ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.