ಕೇಸರಿಬಾತಿಗೆ ಬೇಡವೆಂದವನು

ಹೆಣ್ಣು ನೋಡಲು ಹೋಗುವ ದಾರಿಯಲ್ಲಿ ಮಿರ್ಚಿ ಬೋಂಡಾ ತಿಂದದ್ದು ನನ್ನ ತಪ್ಪು. ಅದೂ ಹಸಿವಿಗಲ್ಲ, ಹೆದರಿಕೆಗೆ!

ಭದ್ರಾವತಿಯ ಯಾವುದೇ ಆಟೋದಲ್ಲಿ ಇಬ್ಬರ ಜಾಗವನ್ನು ನಾನೊಬ್ಬನೇ ಅಲಂಕರಿಸುತ್ತಿದ್ದೆ. ಸಕ್ಕರೆ ಕಾಯಿಲೆಯೂ ಬಾಗಿಲು ತಟ್ಟಿದ್ದರಿಂದ ಡಾಕ್ಟರಮ್ಮ ತೂಕ ಇಳಿಸುವ ಇಂಜೆಕ್ಷನ್ ಬರೆದುಕೊಟ್ಟರು. "ಇದು ಹಸಿವನ್ನ ಕಮ್ಮಿ ಮಾಡುತ್ತೆ ಅಷ್ಟೆ. ಬೇಜಾರಾದ್ರೆ, ಟೆನ್ಷನ್ ಆದ್ರೆ ತಿನ್ನೋ ಚಟ ಇದ್ಯಲ್ಲ, ಅದನ್ನ ನೀವೇ ಬಿಡ್ಬೇಕು," ಎಂದರು. ನಾನು ಗಂಭೀರವಾಗಿ ತಲೆಯಾಡಿಸಿ, ಮೊದಲ ವಾಕ್ಯವನ್ನು ಮಾತ್ರ ಮನೆಗೆ ತಂದೆ.

ಪ್ಯಾಂಟು ಸಡಿಲವಾಯಿತು. ಹೆಮ್ಮೆ ಉಬ್ಬಿತು! ಸಿಕ್ಕವರಿಗೆಲ್ಲ ಬೆಲ್ಟಿನ ಹೊಸ ತೂತು ತೋರಿಸಿದೆ.

ಅಷ್ಟರಲ್ಲಿ ಶಿವಮೊಗ್ಗದ ಸಂಬಂಧ ಬಂತು. ಸ್ಫೂರ್ತಿಯ ಜೊತೆ ಫೋನಿನಲ್ಲಿ ಮಾತಾಡಿದ್ದೇ ತಡ, ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿದೆ. ಅವರ ಮನೆಯವರು ಒಪ್ಪುವುದೊಂದೇ ಬಾಕಿ. ಹೆಣ್ಣು ನೋಡಲು ಹೊರಟ ದಿನ ದಾರಿಯಲ್ಲಿ, ಮಲವಗೊಪ್ಪದ ಹತ್ತಿರ, ಅವರು ಒಪ್ಪದಿದ್ದರೆ ಎಂಬ ಹೆದರಿಕೆ ಹಿಡಿಯಿತು. ಅಮ್ಮನನ್ನು ಕಾರಿನಲ್ಲೇ ಬಿಟ್ಟು ರಸ್ತೆ ಬದಿಯ ತಳ್ಳುಗಾಡಿಯ ಮುಂದೆ ನಿಂತು ಬೋಂಡಾ ತಿಂದೆ. ಹೆದರಿಕೆ ಹೋಗಲಿಲ್ಲ. ಇನ್ನೊಂದು ಪ್ಲೇಟ್ ತಿಂದೆ.

ಹುಡುಗಿಯ ಮನೆ ತಲುಪುವಷ್ಟರಲ್ಲಿ ಔಷಧಿಗೂ ಬೋಂಡಾಕ್ಕೂ ಹೊಟ್ಟೆಯಲ್ಲಿ ಗಡಿ ತಕರಾರು ಶುರುವಾಗಿತ್ತು. ಎದುರಿಗೆ ಕೇಸರಿಬಾತು ಬಂತು. ತುಪ್ಪದ ವಾಸನೆಗೇ ಹೊಟ್ಟೆ ತೊಳೆಸಿತು. "ಬೇಡ," ಎಂದು ತಟ್ಟೆ ಸರಿಸಿದೆ.

ಹೆಣ್ಣು ನೋಡಲು ಬಂದವನು ಸಿಹಿ ಮುಟ್ಟದಿದ್ದರೆ ಹುಡುಗಿ ಬೇಡವೆಂದೇ ಅರ್ಥ.

"ಒಂದ್ ಚಮಚ ಬಾಯಿಗಿಡೋ, ಮಾನ ಹೋಗುತ್ತೆ!" ಅಮ್ಮ ಕಿವಿಯಲ್ಲಿ ಗದರಿದಳು.

ಸ್ಫೂರ್ತಿಯ ತಂದೆ ಎದ್ದೇ ನಿಂತರು. "ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಹೇಳ್ಬಹುದಿತ್ತಲ್ಲ ಮಾರಾಯ್ರೆ!"

ಚಮಚ ಬಾಯಿಗಿಟ್ಟೆ. ಅಂಗಳಕ್ಕೆ ಓಡಿದೆ. ಮುಂದಿನದನ್ನು ಅವರ ದಾಸವಾಳದ ಗಿಡ ಮಾತ್ರ ವಿವರಿಸಬಲ್ಲದು!

ಬಾಯಿ ತೊಳೆದು ಬಂದು, ಇಂಜೆಕ್ಷನ್ನು, ಬೋಂಡಾ, ಹೆದರಿಕೆ ಎಲ್ಲವನ್ನೂ ಒಪ್ಪಿಸಿದೆ. "ಹುಡುಗಿ ತುಂಬಾ ಇಷ್ಟ ಸಾರ್. ಬೇಡ ಅಂದಿದ್ದು ಕೇಸರಿಬಾತಿಗೆ."

ಸ್ಫೂರ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ತಂದೆ ಮಾತ್ರ ನಗಲಿಲ್ಲ. "ಯೋಚ್ನೆ ಮಾಡಿ ಹೇಳ್ತೀವಿ."

ಅದರ ಅರ್ಥ ಯಾರಿಗೆ ಗೊತ್ತಿಲ್ಲ! ವಾಪಸ್ ಬರುವಾಗ ಅದೇ ಗಾಡಿ, ಅದೇ ಘಮ. ಹೊಟ್ಟೆ ಬೇಡವೆಂದರೂ ದುಃಖ ಬೋಂಡಾ ಕೇಳುತ್ತಿತ್ತು. ಇಳಿದೆ. ನಿಂತೆ. ನೋಡಿದೆ. ಆಮೇಲೆ ರಸ್ತೆ ಬದಿ ಸುಮ್ಮನೆ ಅತ್ತಿಂದಿತ್ತ ನಡೆದೆ.

"ಏನೋ ಕಳ್ಕೊಂಡ್ಯಾ?" ಅಮ್ಮ ಕಾರಿನಿಂದ ಕೂಗಿದಳು.

"ಇಲ್ಲಮ್ಮ, ಬೇಜಾರಾಗಿದೆ, ನಡೀತಿದೀನಿ."

ಜೀವನದಲ್ಲಿ ಮೊದಲ ಸಲ ದುಃಖವನ್ನು ಎಣ್ಣೆಯಲ್ಲಿ ಕರಿಯದೆ ನುಂಗಿದ್ದೆ! ಇದರಲ್ಲಿ ಇಂಜೆಕ್ಷನ್ನಿನ ಪಾಲಿಲ್ಲ, ಪೂರ್ತಿ ನನ್ನದೇ ಸಾಧನೆ. ಈಗಲೂ ಬೇಜಾರಾದರೆ ನಡೆಯುತ್ತೇನೆ; ಬೀದಿನಾಯಿಗಳಿಗೂ ನನ್ನ ಪರಿಚಯವಾಗಿದೆ.

ಅವತ್ತು ಸಂಜೆಯೇ ಸ್ಫೂರ್ತಿಯ ಫೋನು. "ಅಪ್ಪ ಒಪ್ಪಿದ್ರು ಕಣ್ರೀ. ಇಷ್ಟ ಇಲ್ದೋನು ಅಷ್ಟು ಕಷ್ಟಪಟ್ಟು ಆ ಚಮಚ ತಿಂತಿರ್ಲಿಲ್ಲ ಅಂದ್ರು."

ನಾನು ಎದೆಯುಬ್ಬಿಸಿ ಕೇಳಿದೆ, "ನಿಮ್ಮಮ್ಮ ಏನಂದ್ರು?"

"ಅಮ್ಮಂಗೂ ಒಪ್ಪಿಗೆನೇ. ಒಂದೇ ಒಂದು ಕೇಳಿದ್ರು. ಆ ತೂಕ ಇಳಿಸೋ ಇಂಜೆಕ್ಷನ್ ಯಾವಾಗಿಂದ ಶುರು ಮಾಡ್ತಾರಂತೆ ಅಂತ!"