ಸೀಗೆದೊಡ್ಡಿಯ ಸಂರಕ್ಷಿತ ಅಹವಾಲು

ಸೀಗೆದೊಡ್ಡಿ ಗ್ರಾಮಕ್ಕೆ ಬಸ್ ಇಲ್ಲವೆಂಬ ಅಹವಾಲು ಈಗ ಸಂರಕ್ಷಿತವಾಗಿದ್ದು, ಅದನ್ನು ಪರಿಹರಿಸುವುದು ದಂಡನಾರ್ಹ ಅಪರಾಧವಾಗಿದೆ. ಕೊಳ್ಳೇಗಾಲದ ಅಹವಾಲು ಸ್ವೀಕಾರ ಮತ್ತು ಸಂರಕ್ಷಣಾ ಕೇಂದ್ರದ ಗುಮಾಸ್ತನಾದ ನಾನು ಇದನ್ನು ಸಂತೋಷದಿಂದ ತಿಳಿಸುತ್ತಿದ್ದೇನೆ. ಸಂತೋಷ ಎಂಬ ಪದಕ್ಕೆ ಮೇಲಧಿಕಾರಿಗಳ ಒಪ್ಪಿಗೆ ಪಡೆಯಲಾಗಿದೆ.

ಇದೆಲ್ಲ ಶುರುವಾದದ್ದು ಸಿನಿಮಾ ನಟ ಸಿಡಿಗುಂಡು ಪರಮೇಶ್ ಅವರಿಂದ. ಹನ್ನೆರಡು ಚಿತ್ರಗಳಲ್ಲಿ ಮುನ್ನೂರ ಎಂಟು ಮಂದಿಯನ್ನು ಬರಿಗೈಯಲ್ಲಿ ಹೊಡೆದುರುಳಿಸಿದ ಇವರಿಗೆ ಇದ್ದಕ್ಕಿದ್ದಂತೆ ಬ್ಲೂಸ್ ಹಾಡಬೇಕೆನಿಸಿತು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನ ತಮ್ಮ ಸಂಕಟವನ್ನು ತೋಡಿಕೊಂಡ ಹಾಡು. ಪರಮೇಶ್ ಅವರ ಬಳಿ ಗಿಟಾರ್ ಐದಿದ್ದವು, ಸಂಕಟ ಒಂದೂ ಇರಲಿಲ್ಲ. ಎಲ್ಲ ಕಡೆ ಹುಡುಕಿಸಿದರು. ಕೊನೆಗೆ ಯಾರೋ ನಮ್ಮ ಕೇಂದ್ರದ ವಿಳಾಸ ಕೊಟ್ಟರು.

ನಮ್ಮಲ್ಲಿ ದಾಸ್ತಾನು ಚೆನ್ನಾಗಿತ್ತು. ಅಧಿಕಾರಿ ಸದಾಶಿವಪ್ಪನವರು ಬೀರು ತೆಗೆಸಿ, ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆಯ ಕಡತಗಳನ್ನು ರೇಷ್ಮೆ ಸೀರೆ ಅಂಗಡಿಯವರ ಹಾಗೆ ಬಿಚ್ಚಿ ಹರಡಿದರು.

"ಇದು ಚರಂಡಿ ಸಾರ್, ಇದು ಕರೆಂಟು. ಇದು ನೋಡಿ, ಇಪ್ಪತ್ತು ವರ್ಷದ್ದು, ಒಳ್ಳೇ ಹದವಾಗಿದೆ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹನೂರಿನಾಚೆ ಕಾಡಂಚಿನ ಸೀಗೆದೊಡ್ಡಿಯಿಂದ ಸೋಮಮ್ಮ. ಪ್ರತಿ ಗುರುವಾರ ಬಟನ್ ಫೋನಿನಲ್ಲಿ ಕರೆ ಮಾಡಿ ಒಂದೇ ಅಹವಾಲನ್ನು ಕೋಣೆಗೆಲ್ಲ ಕೇಳುವಂತೆ ಕೂಗಿ ಹೇಳುವುದು ಅವರ ರೂಢಿ.

"ಬಸ್ಸು ಬರ್ನಿಲ್ಲ ಸಾ. ಕೇಳುಸ್ತಾ? ಬಸ್ಸು ಬರ್ನಿಲ್ಲ! ಒನ್ನೂರ್ನಲ್ಲಿ ನನ್ ಮಗಳು ಯಶೋದಂಗೆ ಕೂಸಾಗಿ ಆರು ತಿಂಗ್ಳಾಯ್ತು, ಮೊಮ್ಮಗಳ ಮಕ ನೋಡ್ನಿಲ್ಲ ನಾನು. ರೋಡ್‌ಗಂಟ ಒಂಬತ್ ಮೈಲಿ ನಡಿಯಾಕೆ ಮಂಡಿ ಬಗ್ಗಕಿಲ್ಲ ಕಣ್ ಸಾ."

ಪರಮೇಶ್ ಕುರ್ಚಿ ಬೀಳುವಂತೆ ಎದ್ದರು. "ಒಂದೇ ಸಾಲು ಎರಡು ಸಲ, ಆಮೇಲೆ ಬೇರೆ ಸಾಲು! ಇದೇ ರೀ ಬ್ಲೂಸ್!"

"ನಮ್ಮಲ್ಲೂ ಅರ್ಜಿ ದ್ವಿಪ್ರತಿಯಲ್ಲೇ ಇರಬೇಕು ಸಾರ್," ಎಂದರು ಸದಾಶಿವಪ್ಪನವರು ಹೆಮ್ಮೆಯಿಂದ.

ಹಾಡು ರೆಕಾರ್ಡಾಯಿತು. ಪರಮೇಶ್ ಗದ್ಗದ ಕಂಠದಲ್ಲಿ "ಬಸ್ಸು ಬರ್ನಿಲ್ಲ" ಎಂದರೆ ಹಿಂದಿನಿಂದ ಹದಿನಾರು ಮಂದಿ "ಕೇಳುಸ್ತಾ?" ಎನ್ನುತ್ತಿದ್ದರು. ಯಳಂದೂರಿನ ಮದುವೆಗಳಲ್ಲಿ ಗಂಡು ಹೆಣ್ಣು ಇದಕ್ಕೇ ಕುಣಿದರು. ಮಾಂಬಳ್ಳಿಯ ಅಭಿಮಾನಿಗಳು ಸ್ಪೀಕರಿಗೆ ಹಾಲೆರೆದರು, ಸ್ಪೀಕರು ಅಲ್ಲಿಗೇ ತಣ್ಣಗಾಯಿತು.

ಈ ಗದ್ದಲದಲ್ಲಿ ಯಾರದೋ ಕಣ್ತಪ್ಪಿನಿಂದ ಸೀಗೆದೊಡ್ಡಿಗೆ ಬಸ್ ಮಂಜೂರಾಗಿಬಿಟ್ಟಿತು.

"ಬತ್ತದಂತೆ ಸಾ! ನಿಮ್ ಒಟ್ಟೆ ತಣ್ಗಿರ್ಲಿ!" ಸೋಮಮ್ಮ ಫೋನಿನಲ್ಲೇ ಅತ್ತರು. "ಕೂಸ್ಗೆ ಕುಲಾವಿ ಒಲ್ದಿಟ್ಟಿವ್ನಿ, ತಕಂಡು ಓಯ್ತೀನಿ."

ಅದೇ ಮಧ್ಯಾಹ್ನ ಪರಮೇಶ್ ಅವರ ಆಕ್ಷೇಪಣೆ ಬಂತು. ಬಸ್ ಬಂದರೆ ಹಾಡು ಸುಳ್ಳಾಗುತ್ತದೆ, ಕಲಾವಿದನಿಗೆ ಸತ್ಯ ಮುಖ್ಯ. ನಮ್ಮ ಕೇಂದ್ರದ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಅರ್ಜಿ ಒಂದೇ ಗಂಟೆಯಲ್ಲಿ ಇತ್ಯರ್ಥವಾಯಿತು.

"ಪ್ರಕಟಣೆ: ಹಾಡಿಗೆ ಒಳಪಟ್ಟ ಅಹವಾಲುಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು. ಸೀಗೆದೊಡ್ಡಿಯ ನಿವಾಸಿಗಳು ಬಸ್ ಹತ್ತಕೂಡದು. ಶ್ರೀಮತಿ ಸೋಮಮ್ಮನವರು ಮೊಮ್ಮಗಳ ಮುಖ ನೋಡಕೂಡದು. ತಪ್ಪಿದಲ್ಲಿ ಪಲ್ಲವಿಗೆ ಧಕ್ಕೆ ತಂದ ಆರೋಪದ ಮೇಲೆ ಕ್ರಮ ಜರುಗಿಸಲಾಗುವುದು."

ಮಂಜೂರಾದ ಬಸ್ಸನ್ನು ಸುಮ್ಮನೆ ನಿಲ್ಲಿಸಲಾದೀತೆ? ಬಸ್ ಬಾರದ ಊರನ್ನು ಕಣ್ಣಾರೆ ನೋಡಬೇಕೆಂದು ಅಭಿಮಾನಿಗಳು ಹಟ ಹಿಡಿದಿದ್ದರು. ಅವರಿಗಾಗಿ ಅದನ್ನೇ "ಬಸ್ ಬಾರದ ಊರಿನ ವೀಕ್ಷಣಾ ಬಸ್" ಮಾಡಿ ದಿನಕ್ಕೆ ನಾಲ್ಕು ಸಲ ಬಿಡಲಾಯಿತು. ಅಭಿಮಾನಿಗಳು ಇಳಿದು, ಖಾಲಿ ರಸ್ತೆಯತ್ತ ನೋಡಿ, ನಿಟ್ಟುಸಿರು ಬಿಟ್ಟು, ಸೆಲ್ಫಿ ತೆಗೆದು ಹತ್ತುತ್ತಿದ್ದರು.

"ಲೇ, ನಿಟ್ಟುಸ್ರು ಬುಡೊ ಜಾಗದಲ್ಲಿ ಶಿಳ್ಳೆ ಒಡಿಬ್ಯಾಡಿ ಕಣ್ರುಲಾ!" ಎಂದು ಅಭಿಮಾನಿ ಸಂಘದ ಅಧ್ಯಕ್ಷ ಮಾದು ಗದರುತ್ತಿದ್ದ.

ಸೋಮಮ್ಮ ಕುಲಾವಿ ಹಿಡಿದು ಕಟ್ಟೆಯ ಮೇಲೆ ಕೂತು ಬಸ್ಸು ನಾಲ್ಕೂ ಸಲ ಬಂದು ಹೋಗುವುದನ್ನು ನೋಡುತ್ತಿದ್ದರು. ತಪಾಸಣೆಗೆ ಹೋಗಿದ್ದ ನನಗೆ ಸಂಕಟವಾಯಿತು. ಸಂಕಟದ ಹಕ್ಕು ಪರಮೇಶ್ ಅವರದ್ದಾದ್ದರಿಂದ ಸುಮ್ಮನಾದೆ.

ಮುಂದಿನ ಗುರುವಾರ ಸೀಗೆದೊಡ್ಡಿಗೆ ಪರಮೇಶ್ ಖುದ್ದಾಗಿ ಬಂದಿದ್ದರು, ಸದಾಶಿವಪ್ಪನವರೂ ಇದ್ದರು. ಹನ್ನೊಂದರ ವೀಕ್ಷಣಾ ಬಸ್ಸಿನಿಂದ ಯಶೋದ ಇಳಿದಳು. ಹಣೆಗೆ ಅಭಿಮಾನಿ ಸಂಘದ ಪಟ್ಟಿ, ಕಂಕುಳಲ್ಲಿ ಕೂಸು. ಅವಳ ಊರಾದ ಹೊನ್ನೂರಿನವರು ಬಸ್ ಹತ್ತಬಾರದೆಂದು ಪ್ರಕಟಣೆಯಲ್ಲಿ ಇರಲಿಲ್ಲ.

ಸೋಮಮ್ಮ ಎದ್ದೇಬಿಟ್ಟರು. ಸದಾಶಿವಪ್ಪನವರು ಅಡ್ಡ ನಿಂತರು.

"ಎತ್ತಿಕೊಳ್ಳಬಹುದು ಕಣಮ್ಮ, ಮುಖ ನೋಡುವ ಹಾಗಿಲ್ಲ," ಎಂದು ಕಡತ ಕಟ್ಟುವ ಕೆಂಪು ಬಟ್ಟೆಯನ್ನು ಅವರ ಕಣ್ಣಿಗೆ ಬಿಗಿದರು.

ಸೋಮಮ್ಮ ಕೂಸನ್ನು ತೊಡೆಯ ಮೇಲಿಟ್ಟು, ತಡವಿ ತಡವಿ ಕುಲಾವಿ ಕಟ್ಟಿದರು. "ಮೂಗು ನನ್ನಂಗೇ ಅದೆ ಕಣವ್ವ," ಎಂದು ನಕ್ಕರು.

ಕೂಸು ಕೈಚಾಚಿ ಕೆಂಪು ಬಟ್ಟೆಯನ್ನು ಹಿಡಿದೆಳೆಯಿತು. ಬಟ್ಟೆ ಬಿತ್ತು.

ಪರಮೇಶ್ ಮುಖ ಬಿಳಿಚಿಕೊಂಡಿತು. ಆಗ ಮಾದು ಮೆಲ್ಲಗೆ ರಸ್ತೆಯಾಚೆ ಪೊದೆಗಟ್ಟಿದ್ದ ಸೀಗೆಮೆಳೆಯ ಕಡೆ ತಿರುಗಿ ನಿಂತ. ಅವನ ಹಿಂದೆ ಅಭಿಮಾನಿಗಳೆಲ್ಲ ತಿರುಗಿದರು. ಡ್ರೈವರ್ ತಿರುಗಿದ. ಸದಾಶಿವಪ್ಪನವರು ಕನ್ನಡಕ ತೆಗೆದು ಜೇಬಿಗಿಟ್ಟು ತಿರುಗಿದರು. ಮುನ್ನೂರ ಎಂಟು ಮಂದಿಗೆ ಬೆನ್ನು ತೋರಿಸದ ಪರಮೇಶ್ ಕೊನೆಗೆ ತಾವೂ ತಿರುಗಿದರು. ಸೋಮಮ್ಮ ನೋಡಿದ್ದನ್ನು ನೋಡಿದವರು ಯಾರೂ ಇಲ್ಲವೆಂದು ನಾನು ಮೆಳೆಗೆ ಮುಖ ಮಾಡಿಕೊಂಡೇ ವರದಿ ಬರೆದೆ.

ಈಗ ಪ್ರತಿ ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷ ಎಲ್ಲರೂ ಮೆಳೆಯತ್ತ ತಿರುಗತಕ್ಕದ್ದೆಂದು ನಿಯಮವಾಗಿದೆ. ವೀಕ್ಷಣೆಯಲ್ಲಿ ಇದೇ ಚೆನ್ನಾಗಿದೆ ಎಂದು ಅಭಿಮಾನಿಗಳು ಹೇಳುತ್ತಾರೆ. ಕಡತದ ಪ್ರಕಾರ ಸೋಮಮ್ಮ ಇಂದಿಗೂ ಮೊಮ್ಮಗಳ ಮುಖ ನೋಡಿಲ್ಲ. ಕೂಸು ಮಾತ್ರ ಬಸ್ಸಿನ ಕಿಟಕಿಯಿಂದಲೇ ಅಜ್ಜಿಯನ್ನು ಗುರುತು ಹಿಡಿದು ಕೇಕೆ ಹಾಕುತ್ತದೆ. ಕೂಸು ನೋಡಬಾರದೆಂದು ಪ್ರಕಟಣೆಯಲ್ಲಿ ಎಲ್ಲೂ ಇಲ್ಲ.