ಇನ್‌ಸ್ಟಾಲರಿನ ಹಳದಿ ಸಾಲು

ಮಧುಮತಿ ಬರೆದ ಸೀರೆ ಅಂಚಿನ ವಿನ್ಯಾಸ ಬಿಡಿಸುವ ಸಾಫ್ಟ್‌ವೇರಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಮಾಲಕ ಶಿದ್ರಾಮಪ್ಪನವರು ಅದರ ಮೇಲೆ ಹಾಕಿಸಿದ ಹೆಸರಿನಲ್ಲಿ.

ಬನಹಟ್ಟಿಯ ಅವರ ಪವರ್‌ಲೂಮ್ ಕಾರ್ಖಾನೆಗೆ ಅಂದು ಮುಧೋಳದ ಬಟ್ಟೆ ವ್ಯಾಪಾರಿ ಯಮನಪ್ಪ ಬಂದು ಆ ಸಾಫ್ಟ್‌ವೇರ್ ಒಯ್ಯುವವರಿದ್ದರು. ಅದಕ್ಕೆಂದೇ ಮಧುಮತಿ ಕಡತಗಳನ್ನೆಲ್ಲ ಒಂದೇ ಗಂಟು ಕಟ್ಟಿ ಇನ್‌ಸ್ಟಾಲರ್ ಮಾಡಿದಳು. ತಪಾಸಣೆಗೆ ಹಾಕಿದ್ದೇ ತಡ, ತೆರೆಯ ಮೇಲೆ ಮೂರು ಹಳದಿ ಸಾಲು ಮೂಡಿದವು.

"ಏನವಾ ಇದು? ಕಂಪ್ಯೂಟರಿಗೆ ಕಾಮಾಲಿ ಆಗೇತೇನು?" ಎಂದು ಶಿದ್ರಾಮಪ್ಪ ಗಾಬರಿಯಾದರು.

"ಎಚ್ಚರಿಕಿರಿ ಕಾಕಾ. ಈಗ ನಡೀತೈತಿ, ಮುಂದ ತ್ರಾಸ ಕೊಡಬಹುದು ಅಂತೈತಿ."

ಪಕ್ಕದ ಮೊಬೈಲ್ ಅಂಗಡಿಯ ಮುತ್ತಣ್ಣ ಇಣುಕಿದ. "ಬರೇ ಎಚ್ಚರಿಕಿ ಅಲ್ಲ? ಬಿಡವಾ. ನನ್ನ ಗಾಡಿದು ಕೆಂಪ ಲೈಟ್ ವರ್ಷಾತು ಹತ್ತೇ ಐತಿ. ಏನಾಗೇತಿ?" ಎಂದು ಹೇಳಿ ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದ.

ಮಧುಮತಿ ಬಿಡುವವಳಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವಳು. ಹರಿದ ಒಂದೇ ಎಳೆ ಇಡೀ ಸೀರೆಯ ಮಾನ ಕಳೆಯುತ್ತದೆಂದು ಬಲ್ಲಳು. ಮೊದಲ ಸಾಲು ಓದಿದಳು: ಚಿಮ್ಮಡದ ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದಂತೆ ಎರಡು ಕಡತಗಳು ಒಂದೇ ಜಾಗ ಹಿಡಿದಿದ್ದವು. ಬೇರೆ ಬೇರೆ ಕೂರಿಸಿದಳು. ಹೊಸ ಆವೃತ್ತಿ ಬಂದರೂ ಹಳೆಯದು ಜಾಗ ಬಿಡದಂತಿತ್ತು. ಅದನ್ನು ಸದ್ದಿಲ್ಲದೆ ಸಾಗಹಾಕುವ ಏರ್ಪಾಡು ಮಾಡಿದಳು. ಉಳಿದದ್ದು ಒಂದೇ ಸಾಲು: ಹೆಸರು ಉದ್ದವಾಯಿತು.

ಆಗಲೇಬೇಕಲ್ಲ! ಶಿದ್ರಾಮಪ್ಪ ತಮ್ಮ ತಂದೆಯ ಹೆಸರು, ತಮ್ಮದು, ಹೆಂಡತಿ ಪದ್ಮವ್ವನದು, ಮಗ ಸಂಜಯನದು, ಸೊಸೆ ಕಾವ್ಯಳದು, ಕಡೆಗೆ 'ಮತ್ತು ಮೊಮ್ಮಕ್ಕಳು' ಎಂದೂ ಸೇರಿಸಿದ್ದರು.

"ಮೊಮ್ಮಕ್ಕಳನ್ನ ತಗೀಲೇನ್ರಿ?"

"ತಗಿ. ಹೆಂಗೂ ಇನ್ನೂ ಹುಟ್ಟಿಲ್ಲ."

ಸಾಲು ಹೋಗಲಿಲ್ಲ. ಶಿದ್ರಾಮಪ್ಪ ಮೆಲ್ಲಗೆ, "ಪದ್ಮವ್ವನ ಹೆಸರು..." ಎಂದದ್ದೇ ತಡ, ಚಹಾ ತಂದಿದ್ದ ಪದ್ಮವ್ವ ಬಾಗಿಲಲ್ಲೇ ನಿಂತರು.

"ತಗೀರಿ, ತಗೀರಿ. ರಾತ್ರಿ ರೊಟ್ಟಿನೂ ಆ ಕಂಪ್ಯೂಟರೇ ಬಡೀತೈತಿ."

ಮಧುಮತಿ ಒಂದು ಗುಟುಕು ಚಹಾ ಕುಡಿದು, ಎಲ್ಲವನ್ನೂ ಅಳಿಸಿ 'ಶಿದ್ರಾಮಪ್ಪ ಪರಿವಾರ' ಎಂದು ಬರೆದಳು. ಮತ್ತೆ ಕಟ್ಟಿದಳು. ತೆರೆ ತೊಳೆದ ತಾಟಿನಂತೆ ಸ್ವಚ್ಛವಾಯಿತು.

"ಮನಿ ಒಡೀದಂಗ ಹೆಸರು ಕತ್ತರಿಸಿದಿ! ನಿನ್ನಂಥಾ ಜಾಣಿ ಜಮಖಂಡಿ ತನಕ ಹುಡಿಕಿದ್ರೂ ಸಿಗೂದಿಲ್ಲ," ಎಂದು ಪದ್ಮವ್ವ ಅವಳ ಕೆನ್ನೆ ಸವರಿ ನೆಟಿಕೆ ಮುರಿದರು. ಶಿದ್ರಾಮಪ್ಪ ದಾರಿಯಲ್ಲಿ ಹೋಗುವವರನ್ನೂ ಕರೆದು ಆ ಖಾಲಿ ತೆರೆಯನ್ನು ತೋರಿಸಿದರು.

ಯಮನಪ್ಪ ತಮ್ಮ ಲ್ಯಾಪ್‌ಟಾಪ್ ಹಿಡಿದು ಬಂದರು. ಇನ್‌ಸ್ಟಾಲರ್ ಒತ್ತುತ್ತಲೇ ತೆರೆಯ ಮೇಲೆ ಎಚ್ಚರಿಕೆಯ ದೊಡ್ಡದೊಂದು ಪೆಟ್ಟಿಗೆ ತೆರೆದುಕೊಂಡಿತು. ಕನ್ನಡಕ ಏರಿಸಿ ಓದಿದರು:

"ಪಬ್ಲಿಷರ್ ಅನ್‌ನೋನ್... ಅಂದ್ರ, ಇದನ್ನ ಮಾಡಿಸಿದವ್ರು ಯಾರಂತ ಗೊತ್ತಿಲ್ಲಂತ್ರಿ."

"ಯಾರಿಗೆ ಗೊತ್ತಿಲ್ಲ?" ಶಿದ್ರಾಮಪ್ಪ ಕೂತ ಕುರ್ಚಿಯಿಂದ ಎದ್ದೇಬಿಟ್ಟರು. "ರಬಕವಿ ಸ್ಟ್ಯಾಂಡಿನ್ಯಾಗ ನಾಯಿನ್ನ ಕೇಳಿದ್ರೂ ನಮ್ಮ ಮನಿ ತೋರಸತೈತಿ!"

"ಅದಕ್ಕ ಗುರುತಿಂದು ಬ್ಯಾರೆ ಸರ್ಟಿಫಿಕೇಟ್ ಬೇಕಾಕ್ಕೈತ್ರಿ ಕಾಕಾ," ಮಧುಮತಿ ತಾಳ್ಮೆಯಿಂದ ಹೇಳಿದಳು. "ಮೊದಲ ಹೇಳಿದ್ನಿ. ನೀವ 'ನನಗ್ಯಾತರ ಸರ್ಟಿಫಿಕೇಟ್' ಅಂದ್ರಿ."

ಶಿದ್ರಾಮಪ್ಪನವರಿಗೆ ಅದು ಕೇಳಿಸಲಿಲ್ಲ. ಸರಸರನೆ ಒಳಗೆ ಹೋದವರು ಗೋಡೆಯ ಮೇಲಿದ್ದ ಆಳೆತ್ತರದ ಫೋಟೋವನ್ನು ಕಟ್ಟಿನ ಸಮೇತ ಹೊತ್ತು ತಂದರು. ಅದರಲ್ಲಿ ಜರಿ ರುಮಾಲು ಸುತ್ತಿದ ಅವರು, ಪಕ್ಕದಲ್ಲಿ ಪದ್ಮವ್ವ.

"ಹೆಸರಿಂದ ಗುರುತು ಹತ್ತವಲ್ದು. ಇದನ್ನ ಒಳಗ ಹಾಕು. ಮಾರಿ ನೋಡಿದ್ರ ಹತ್ತತೈತಿ."

ಯಮನಪ್ಪ ಹೌದೆಂದು ತಲೆಯಾಡಿಸಿದರು. ಮಧುಮತಿ ಫೋಟೋದ ಫೋಟೋ ತೆಗೆದು, ಸೇರಿಸಿ, ಮತ್ತೆ ಕಟ್ಟಿದಳು.

ಹಳದಿ ಸಾಲು ಮೂಡಿತು: ಚಿತ್ರದ ಗಾತ್ರ ಹೆಚ್ಚಾಯಿತು, ಕತ್ತರಿಸಿ.

ಗಂಡಹೆಂಡತಿ ಇಬ್ಬರೂ ಒಟ್ಟಿಗೇ ಕೇಳಿದರು: "ಯಾರನ್ನ?"